ಮನೆಕೂಟದಲ್ಲಿ ಗಟ್ಟಿಯಾಗಿ ಓದಲು ಯಾವ ಕನ್ನಡ ಬೈಬಲ್?

ಕನ್ನಡ ಬೈಬಲ್ ಕೊಳ್ಳುವವರು ಸಾಮಾನ್ಯವಾಗಿ ಅಕ್ಷರದ ಗಾತ್ರ, ಹೊದಿಕೆ ಮತ್ತು ಬೆಲೆಯನ್ನು ನೋಡಿ ಆರಿಸುತ್ತಾರೆ. ಒಬ್ಬರೇ ಕುಳಿತು ಮನಸ್ಸಿನಲ್ಲೇ ಓದಿಕೊಳ್ಳುವವರಿಗೆ ಅಷ್ಟು ವಿಚಾರಣೆ ಸಾಕಾಗಬಹುದು. ಆದರೆ ವಾರಕ್ಕೊಮ್ಮೆ ಯಾರದಾದರೂ ಮನೆಯಲ್ಲಿ ನೆರೆಹೊರೆಯವರು ಸೇರಿ, ಒಬ್ಬರು ಓದುತ್ತ ಉಳಿದವರು ಕೇಳುತ್ತ ನಡೆಯುವ ಕೂಟಕ್ಕೆ ಪುಸ್ತಕ ಬೇಕಾದಾಗ ಬೇರೆಯೇ ಪ್ರಶ್ನೆಗಳು ಏಳುತ್ತವೆ. ಓದುವವರ ಉಸಿರು ಎಲ್ಲಿ ತಡೆಯುತ್ತದೆ, ಕೇಳುವವರಿಗೆ ಎಲ್ಲಿ ಎಳೆ ತಪ್ಪುತ್ತದೆ, ಅಕ್ಷರ ಬಾರದ ಅಜ್ಜಿಗೆ ಮನೆಗೆ ಮರಳಿದ ಮೇಲೂ ಯಾವ ಮಾತು ನೆನಪಿನಲ್ಲಿ ಉಳಿಯುತ್ತದೆ ಎಂಬುದನ್ನು ಅಂಗಡಿಯಲ್ಲಿ ಪುಟ ತಿರುವಿ ತಿಳಿಯಲಾಗುವುದಿಲ್ಲ. ಕಿವಿಯಿಂದ ಕೇಳಿಯೇ ತಿಳಿಯಬೇಕು.

ಈ ಬರಹದಲ್ಲಿ ನಾನು ವಿಮರ್ಶಿಸಹೊರಟಿರುವುದು ಮೂರು ಕನ್ನಡ ಬೈಬಲ್‌ಗಳನ್ನು. ಮೊದಲನೆಯದು ಬೈಬಲ್ ಸೊಸೈಟಿ ಆಫ್ ಇಂಡಿಯಾ ಪ್ರಕಟಿಸುವ, ನಮ್ಮ ಹಿರಿಯರ ಕಾಲದಿಂದ ಬಂದಿರುವ ‘ಸತ್ಯವೇದವು’. ಎರಡನೆಯದು ಅದೇ ಸಂಸ್ಥೆಯ, ಆಡುಮಾತಿಗೆ ಹತ್ತಿರವಾದ ಕನ್ನಡದ ‘ಪವಿತ್ರ ಬೈಬಲ್’. ಮೂರನೆಯದು ವರ್ಲ್ಡ್ ಬೈಬಲ್ ಟ್ರಾನ್ಸ್‌ಲೇಷನ್ ಸೆಂಟರ್ ಹೊರತಂದ, ಓದಲು ಸುಲಭವಾಗಲೆಂದೇ ಸಿದ್ಧಪಡಿಸಿದ ‘ಪರಿಶುದ್ಧ ಬೈಬಲ್’. ಇವುಗಳ ಜೊತೆಗೆ, ಕೂಟಕ್ಕೆ ಬರಲಾಗದವರಿಗಾಗಿ ನಾವು ಬಳಸುತ್ತಿರುವ ಯೂವರ್ಷನ್ ಬೈಬಲ್ ಆ್ಯಪ್ ಕುರಿತೂ ಕೊನೆಯಲ್ಲಿ ಕೆಲವು ಮಾತು ಹೇಳುತ್ತೇನೆ. ಅನುವಾದಗಳನ್ನು ಮೂಲ ಹೀಬ್ರು, ಗ್ರೀಕ್ ಪಠ್ಯಗಳೊಂದಿಗೆ ಹೋಲಿಸಿ ತೂಗುವುದು ವಿದ್ವಾಂಸರ ಕೆಲಸ. ದಿನನಿತ್ಯದ ಬದುಕಿನಲ್ಲಿ ಒಬ್ಬರಿಗೊಬ್ಬರು ಧೈರ್ಯ ತುಂಬಬೇಕೆಂದು ಸೇರುವ ಸಾಧಾರಣ ವಿಶ್ವಾಸಿಗಳ ಕೈಯಲ್ಲಿ ಈ ಪುಸ್ತಕಗಳು ಹೇಗೆ ನಡೆದುಕೊಳ್ಳುತ್ತವೆ ಎಂಬುದಷ್ಟೇ ನನ್ನ ವಿಷಯ.

ನಮ್ಮ ಕೂಟ ನಡೆಯುವುದು ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನಲ್ಲಿ. ಇಲ್ಲಿನ ಭಾಷಾ ಪರಿಸ್ಥಿತಿಯನ್ನು ಹೇಳದೆ ವಿಮರ್ಶೆ ಅರ್ಥವಾಗದು. ಮನೆಯೊಳಗೆ ತುಳು ಅಥವಾ ಕೊಂಕಣಿ, ಪ್ರಾರ್ಥನೆಗೆ ಕನ್ನಡ, ಪಂಚಾಯತು ಕಚೇರಿಯಲ್ಲಿ ಮಲಯಾಳ, ಮಕ್ಕಳ ಪಾಠಪುಸ್ತಕ ಹಲವು ಮನೆಗಳಲ್ಲಿ ಇಂಗ್ಲಿಷ್. ಒಂದೇ ದಿನದಲ್ಲಿ ಒಬ್ಬರು ಇಷ್ಟು ಭಾಷೆಗಳ ನಡುವೆ ಓಡಾಡುತ್ತಾರೆ. ಕೂಟಕ್ಕೆ ಬರುವವರಲ್ಲಿ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರಿದ್ದಾರೆ. ಬೀಡಿ ಕಟ್ಟುವ ಹೆಂಗಸರಿದ್ದಾರೆ. ಅಡಿಕೆ ತೋಟದಲ್ಲಿ ದುಡಿಯುವವರಿದ್ದಾರೆ. ಮಂಗಳೂರಿನ ಆಸ್ಪತ್ರೆಗೆ ದಿನವೂ ರೈಲಿನಲ್ಲಿ ಹೋಗಿಬರುವ ದಾದಿಯೊಬ್ಬರಿದ್ದಾರೆ. ಹೆಚ್ಚಿನವರು ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ ಪರಂಪರೆಯ ಸಭೆಯವರು. ನೆರೆಯ ಕೆಲವು ಕ್ಯಾಥೊಲಿಕ್ ಕುಟುಂಬದವರೂ ಆಗಾಗ ಬಂದು ಕುಳಿತುಕೊಳ್ಳುತ್ತಾರೆ. ಅವರು ಚರ್ಚಿನಲ್ಲಿ ಕೊಂಕಣಿಯಲ್ಲಿ ವಾಕ್ಯ ಕೇಳುವವರು, ಆದರೆ ಆ ಕೊಂಕಣಿಯನ್ನು ಓದುವುದು ಕನ್ನಡ ಲಿಪಿಯಲ್ಲೇ.

ಈ ನೆಲದಲ್ಲಿ ಕನ್ನಡ ಬೈಬಲ್ ಓದುವ ರೂಢಿ ರಾಜ್ಯದ ಗಡಿಗಿಂತ ಹಳೆಯದು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಅಲ್ಲಿ ಅವರ ಮುದ್ರಣಾಲಯ ಆರಂಭವಾದದ್ದು 1841ರಲ್ಲಿ. ಅದಕ್ಕೂ ಮುನ್ನವೇ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ನೇತೃತ್ವದಲ್ಲಿ ಬೈಬಲ್ ಕನ್ನಡಕ್ಕೆ ಬಂದಿತ್ತು. ಆ ಬಳಿಕ ಮಂಗಳೂರಿನ ಕಡೆಯವರೂ ಸೇರಿ ಅದನ್ನು ತಿದ್ದುತ್ತ ಬಂದರು. ಕೇರಳಕ್ಕೆ ಸೇರುವ ಮುಂಚೆ ಕಾಸರಗೋಡು ಮದ್ರಾಸ್ ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ಅದು ಸೇರಿದ್ದು 1956ರ ನವೆಂಬರ್ 1ರಂದು, ಪ್ರತ್ಯೇಕ ಜಿಲ್ಲೆಯಾದದ್ದು 1984ರಲ್ಲಿ. ಕಚೇರಿಯ ಭಾಷೆ ಬದಲಾಯಿತಾದರೂ ಮನೆಯ ಪೆಟ್ಟಿಗೆಯಲ್ಲಿದ್ದ ಸತ್ಯವೇದ ಬದಲಾಗಲಿಲ್ಲ. ಮಂಜೇಶ್ವರದವರೇ ಆದ ರಾಷ್ಟ್ರಕವಿ ಗೋವಿಂದ ಪೈಗಳು ಯೇಸುವಿನ ಶಿಲುಬೆಮರಣವನ್ನು ಕುರಿತು ಕಾವ್ಯ ಬರೆದವರು ಎಂಬುದನ್ನೂ ಇಲ್ಲಿ ನೆನೆಯಬೇಕು. ಈ ಕಥೆಯನ್ನು ಕನ್ನಡದಲ್ಲಿ ಕೇಳುವ ಕಿವಿ ಇಲ್ಲಿ ಕ್ರೈಸ್ತರಿಗಷ್ಟೇ ಸೀಮಿತವಾಗಿ ಇರಲಿಲ್ಲ.

ಈಗ ಪುಸ್ತಕಗಳ ವಿಚಾರ. ಗಟ್ಟಿಯಾಗಿ ಓದುವುದಕ್ಕೆ, ಅದರಲ್ಲೂ ಬೈಬಲಿನ ಪ್ರಾರ್ಥನಾಗೀತೆಗಳಾದ ಕೀರ್ತನೆಗಳನ್ನು ಓದುವುದಕ್ಕೆ, ‘ಸತ್ಯವೇದವು’ ಗ್ರಂಥಕ್ಕೆ ಸಾಟಿಯಿಲ್ಲವೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ‘ಯೆಹೋವನು ನನಗೆ ಕುರುಬನು, ಕೊರತೆಪಡೆನು’ ಎಂಬ 23ನೆಯ ಕೀರ್ತನೆಯ ಮೊದಲ ಸಾಲನ್ನೇ ತೆಗೆದುಕೊಳ್ಳಿ. ನಾಲ್ಕೇ ಪದ, ನಡುವೆ ಒಂದು ನಿಲುಗಡೆ, ಕೊನೆಯಲ್ಲಿ ಗಟ್ಟಿಯಾಗಿ ಕಾಲೂರಿ ನಿಲ್ಲುವ ಕ್ರಿಯಾಪದ. ಓದುಬರಹ ತಿಳಿಯದವರಿಗೂ ಇದು ಒಮ್ಮೆ ಕೇಳಿದರೆ ನಾಲಗೆಯ ಮೇಲೆ ನಿಲ್ಲುತ್ತದೆ. ಬೀಡಿ ಕಟ್ಟುತ್ತಲೋ ಬಸ್ಸಿನಲ್ಲಿ ನಿಂತೋ ಆ ಸಾಲನ್ನು ತಮ್ಮಷ್ಟಕ್ಕೆ ಹೇಳಿಕೊಳ್ಳುವವರು ನಮ್ಮ ಕೂಟದಲ್ಲಿ ಹಲವರಿದ್ದಾರೆ. ಸಮುದಾಯದಲ್ಲಿ ಓದಿದ್ದು ಒಂಟಿಯಾಗಿ ದುಡಿಯುವ ಹೊತ್ತಿನಲ್ಲಿ ಕೈಗೆ ಸಿಗಬೇಕಾದರೆ ಮಾತಿಗೆ ಇಂಥ ಬಿಗಿ ಇರಲೇಬೇಕು. ಸರಳ ಕನ್ನಡದ ಆವೃತ್ತಿಗಳಲ್ಲಿ ಅರ್ಥ ಬೇಗ ಹೊಳೆಯುತ್ತದೆ, ಆದರೆ ವಾಕ್ಯ ಸಡಿಲವಾಗಿರುವುದರಿಂದ ಬಾಯಿಪಾಠವಾಗುವುದು ನಿಧಾನ.

ಕೀರ್ತನೆಗಳಲ್ಲಿಯೇ 136ನೆಯದನ್ನು ಕೂಟಗಳಿಗೆ ನಾನು ವಿಶೇಷವಾಗಿ ಸೂಚಿಸುತ್ತೇನೆ. ಅದರ 26 ವಚನಗಳಲ್ಲಿ ಪ್ರತಿಯೊಂದೂ ದೇವರ ಕೃಪೆ ಶಾಶ್ವತವೆಂಬ ಒಂದೇ ಪಲ್ಲವಿಯಿಂದ ಮುಗಿಯುತ್ತದೆ. ಓದಬಲ್ಲವರು ಮೊದಲ ಭಾಗವನ್ನು ಓದಿದರೆ ಉಳಿದವರೆಲ್ಲರೂ ಪಲ್ಲವಿಯನ್ನು ಹೇಳಬಹುದು. ಕನ್ನಡಕ ಮರೆತು ಬಂದವರು, ಅಕ್ಷರ ಕಲಿಯದವರು, ಇನ್ನೂ ಶಾಲೆಗೆ ಸೇರದ ಮಗು, ಯಾರೂ ಹೊರಗುಳಿಯುವುದಿಲ್ಲ. ತಾನು ಕೂಟದಲ್ಲಿ ಬರೀ ಕೇಳುವವಳು ಎಂದು ಹಿಂದೆ ಗೋಡೆಗೊರಗಿ ಕುಳಿತುಕೊಳ್ಳುತ್ತಿದ್ದ ಹಿರಿಯರೊಬ್ಬರು ಈ ಕೀರ್ತನೆಯ ಬಳಿಕ ಮುಂದೆ ಬಂದು ಕೂರತೊಡಗಿದರು. ಪುಸ್ತಕವೊಂದು ಸಮುದಾಯದ ಓದಿಗೆ ಒಗ್ಗುತ್ತದೆಯೇ ಎಂದು ಪರೀಕ್ಷಿಸಬೇಕಾದರೆ ಈ ಕೀರ್ತನೆಯನ್ನು ಮೂರೂ ಆವೃತ್ತಿಗಳಲ್ಲಿ ಒಟ್ಟಿಗೆ ಹೇಳಿ ನೋಡಿ. ಪಲ್ಲವಿಯಲ್ಲಿ ಎಲ್ಲರ ಧ್ವನಿ ಒಂದೇ ತಾಳಕ್ಕೆ ಬೀಳುವ ಆವೃತ್ತಿಯೇ ನಿಮ್ಮ ಕೂಟದ್ದು.

ಇಲ್ಲಿ ಉತ್ತೇಜನ ಎಂಬುದರ ಬಗೆಗೂ ಒಂದು ಮಾತು ಹೇಳಬೇಕು, ಏಕೆಂದರೆ ಕೂಟಗಳಲ್ಲಿ ಹೆಚ್ಚಾಗಿ ಸಿಹಿಯಾದ ವಚನಗಳನ್ನಷ್ಟೇ ಆರಿಸಿ ಓದುವ ಅಭ್ಯಾಸವಿದೆ. ಒಟ್ಟು 150 ಕೀರ್ತನೆಗಳಲ್ಲಿ ಗೋಳಾಡುವ, ದೂರುವ, ದೇವರನ್ನೇ ಪ್ರಶ್ನಿಸುವ ಕೀರ್ತನೆಗಳು ಬಹಳವಿವೆ. 88ನೆಯ ಕೀರ್ತನೆಯಂತೂ ಕೊನೆಯವರೆಗೂ ಬೆಳಕಿಗೆ ಹೊರಳುವುದೇ ಇಲ್ಲ. ಅದು ಕತ್ತಲೆಯ ಮಾತಿನಲ್ಲಿಯೇ ಮುಗಿಯುತ್ತದೆ. ಎಂಡೋಸಲ್ಫಾನ್ ಕೀಟನಾಶಕದ ದುರಂತವನ್ನು ಕಂಡ ಜಿಲ್ಲೆ ನಮ್ಮದು. ಎಣ್ಮಕಜೆಯ ಕಡೆಯ ಮನೆಗಳಲ್ಲಿ ಹಾಸಿಗೆ ಬಿಟ್ಟೇಳಲಾಗದ ಮಕ್ಕಳನ್ನು ವರ್ಷಾನುಗಟ್ಟಲೆ ಎತ್ತಿ ಆಡಿಸಿ, ಈಗ ತಾವೇ ಮುದುಕಿಯರಾಗುತ್ತಿರುವ ತಾಯಂದಿರಿದ್ದಾರೆ. ಅಂಥ ಮನೆಗೆ ಹೋದಾಗ ಎಲ್ಲವೂ ಒಳ್ಳೆಯದಕ್ಕೇ ಆಗುತ್ತದೆ ಎಂಬರ್ಥದ ವಚನವನ್ನು ತೆಗೆದು ಓದುವುದು ಕ್ರೂರವಾಗುತ್ತದೆ. 88ನೆಯ ಕೀರ್ತನೆಯನ್ನು ನಿಧಾನವಾಗಿ ಓದಿ, ವಿವರಣೆ ಕೊಡದೆ ಸುಮ್ಮನೆ ಕುಳಿತರೆ, ತನ್ನ ಮಾತೇ ದೇವರ ಪುಸ್ತಕದಲ್ಲಿ ಇದೆಯಲ್ಲ ಎಂದು ಆ ತಾಯಿಗೆ ಅನ್ನಿಸಬಹುದು. ಸಮುದಾಯದ ಓದು ಕೊಡುವ ಧೈರ್ಯ ಎಷ್ಟೋ ಸಲ ಈ ಬಗೆಯದು. ಈ ಕೀರ್ತನೆಗೂ ‘ಸತ್ಯವೇದವು’ ಗ್ರಂಥದ ಹಳೆಯ, ಗಂಭೀರ ಕನ್ನಡ ಚೆನ್ನಾಗಿ ಒಪ್ಪುತ್ತದೆ.

ಕಥನಭಾಗಗಳಲ್ಲಿಯೂ ಹಳೆಯ ಆವೃತ್ತಿ ಸೋಲುವುದಿಲ್ಲ. ಹೊಸದಾಗಿ ಕೂಟ ಆರಂಭಿಸುವವರು ರೂತಳ ಗ್ರಂಥದಿಂದ ಶುರುಮಾಡುವುದು ಒಳಿತು. ನಾಲ್ಕೇ ಅಧ್ಯಾಯ, ಒಟ್ಟು 85 ವಚನ. ಒಂದೇ ಸಂಜೆಯಲ್ಲಿ ಪೂರ್ತಿ ಓದಿ ಮುಗಿಸಿ ಮಾತಾಡುವುದಕ್ಕೂ ಹೊತ್ತು ಮಿಗುತ್ತದೆ. ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡ ನೊವೊಮಿ, ಹುಟ್ಟಿದ ದೇಶವನ್ನು ಬಿಟ್ಟು ಅತ್ತೆಯೊಡನೆ ಗಡಿ ದಾಟಿ ಬರುವ ಮೋವಾಬಿನ ಸೊಸೆ, ಬೆತ್ಲೆಹೇಮಿನ ಜವೆಗೋದಿಯ ಹೊಲದಲ್ಲಿ ತೆನೆ ಹಕ್ಕಲಾಯುವ ದುಡಿಮೆ, ಕೊನೆಯಲ್ಲಿ ಮಗುವಿಗೆ ಹೆಸರಿಡುವ ನೆರೆಹೊರೆಯ ಹೆಂಗಸರು. ನಮ್ಮಲ್ಲಿ ಬಂಟ್ವಾಳ, ಸುಳ್ಯ, ಪುತ್ತೂರುಗಳಿಂದ ಮದುವೆಯಾಗಿ ಬಂದು, ಪಡಿತರ ಚೀಟಿಯಿಂದ ಹಿಡಿದು ಎಲ್ಲವನ್ನೂ ಇನ್ನೊಂದು ರಾಜ್ಯದ ಭಾಷೆಯಲ್ಲಿ ಹೊಸದಾಗಿ ಮಾಡಿಸಿಕೊಳ್ಳಬೇಕಾದ ಹೆಣ್ಣುಮಕ್ಕಳು ಬಹಳ. ಅವರಿಗೆ ರೂತಳನ್ನು ವಿವರಿಸಿ ಹೇಳಬೇಕಾಗುವುದಿಲ್ಲ. ಒಮ್ಮೆ ಮೊದಲ ಅಧ್ಯಾಯ ಮುಗಿದಾಗ, ಹೊಸದಾಗಿ ಈ ಊರಿಗೆ ಬಂದ ಸೊಸೆಯೊಬ್ಬಳು, “ಟೀಚರೇ, ಅವಳು ಅತ್ತೆಗೆ ಹೇಳುವುದನ್ನು ಇನ್ನೊಮ್ಮೆ ಓದ್ತೀರಾ?” ಎಂದು ಕೇಳಿದಳು. ಅವಳ ಅತ್ತೆಯೂ ಅದೇ ಕೋಣೆಯಲ್ಲಿದ್ದರು. ಒಬ್ಬರೇ ಓದುವಾಗ ಹೀಗೆ ಕೇಳುವವರೂ ಇರುವುದಿಲ್ಲ, ಕೇಳಿಸಿಕೊಳ್ಳಬೇಕಾದವರೂ ಎದುರಿಗಿರುವುದಿಲ್ಲ.

ಮಾರ್ಕನ ಸುವಾರ್ತೆಗೂ ಇದೇ ಮಾತು ಸಲ್ಲುತ್ತದೆ. ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ 16 ಅಧ್ಯಾಯಗಳ ಇದೇ ಚಿಕ್ಕದು, ಗಟ್ಟಿಯಾಗಿ ಓದಿದರೆ ಸುಮಾರು ಒಂದೂವರೆ ಗಂಟೆ ಹಿಡಿಯುತ್ತದೆ.

‘ಸತ್ಯವೇದವು’ ತೊಡಕಾಗುವುದು ಪೌಲನ ಪತ್ರಿಕೆಗಳಲ್ಲಿ, ಅಂದರೆ ಅಪೊಸ್ತಲ ಪೌಲನು ಮೊದಲ ಶತಮಾನದ ಸಭೆಗಳಿಗೆ ಬರೆದ ಪತ್ರಗಳಲ್ಲಿ. ಅದಕ್ಕೆ ಅನುವಾದಕರನ್ನು ದೂರಿ ಪ್ರಯೋಜನವಿಲ್ಲ. ಎಫೆಸದವರಿಗೆ ಬರೆದ ಪತ್ರಿಕೆಯ ಮೊದಲ ಅಧ್ಯಾಯದಲ್ಲಿ 3ನೆಯ ವಚನದಿಂದ 14ನೆಯ ವಚನದವರೆಗಿನ ಭಾಗ ಗ್ರೀಕ್ ಮೂಲದಲ್ಲಿ ಒಂದೇ ಉದ್ದನೆಯ ವಾಕ್ಯವಾಗಿ ಓಡುತ್ತದೆ. ಅಂಥ ವಾಕ್ಯವನ್ನು ಹಳೆಯ ಗ್ರಾಂಥಿಕ ಕನ್ನಡದಲ್ಲಿ ಓದುವವರು ಕರ್ತೃಪದದಿಂದ ಕ್ರಿಯಾಪದಕ್ಕೆ ತಲುಪುವಷ್ಟರಲ್ಲಿ ಬಳಲುತ್ತಾರೆ, ಕೇಳುವವರು ಅದಕ್ಕೂ ಮೊದಲೇ ಕೈಬಿಟ್ಟಿರುತ್ತಾರೆ. ರೋಮಾಪುರದವರಿಗೆ ಬರೆದ ಪತ್ರಿಕೆಯ ವಾದಸರಣಿಯಲ್ಲಿ ಈ ಕಷ್ಟ ಇನ್ನೂ ಹೆಚ್ಚು. ಪತ್ರಿಕೆಗಳನ್ನು ಓದುವ ಕಾಲಕ್ಕೆ ‘ಪವಿತ್ರ ಬೈಬಲ್’ ತೆಗೆದುಕೊಳ್ಳುವುದು ಜಾಣತನ. ಅದರಲ್ಲಿ ವಾಕ್ಯಗಳನ್ನು ಒಡೆದು ಕ್ರಮವಾಗಿ ಜೋಡಿಸಿದ್ದಾರೆ, ಓದುವವರಿಗೆ ಉಸಿರು ತೆಗೆದುಕೊಳ್ಳುವ ಜಾಗಗಳಿವೆ, ಮೊದಲ ಸಲ ಕೇಳಿದವರಿಗೂ ವಾದದ ದಾರಿ ಕಾಣುತ್ತದೆ. ‘ಪರಿಶುದ್ಧ ಬೈಬಲ್’ ಇದಕ್ಕಿಂತಲೂ ಸರಳ. ಅದರ ವಾಕ್ಯಗಳು ತೀರಾ ಚಿಕ್ಕವು. ಕನ್ನಡ ಓದಲು ಈಗಷ್ಟೇ ಕಲಿಯುತ್ತಿರುವವರಿಗೆ ಅದು ದೊಡ್ಡ ಉಪಕಾರವಾಗುತ್ತದೆ. ದೊಡ್ಡವರ ಕೂಟದಲ್ಲಿ ಅಧ್ಯಾಯಗಟ್ಟಲೆ ಅದನ್ನೇ ಓದಿದರೆ ಮಾತು ಒಂದೇ ಸಮನಾಗಿ ಹೋಗಿ, ಎಲ್ಲಿ ಒತ್ತಬೇಕು ಎಲ್ಲಿ ಇಳಿಸಬೇಕು ಎಂಬುದು ಓದುವವರಿಗೆ ತಿಳಿಯದಂತಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಕೇಳುಗರಲ್ಲಿ ಅತಿ ಹೆಚ್ಚು ಚರ್ಚೆ ಎಬ್ಬಿಸುವ ವ್ಯತ್ಯಾಸ ಮಾತ್ರ ವಾಕ್ಯದ ಉದ್ದದ್ದಲ್ಲ, ಮರ್ಯಾದೆಯ ಬಹುವಚನದ್ದು. ‘ಸತ್ಯವೇದವು’ ಯೇಸುವನ್ನು ‘ಆತನು’ ಎನ್ನುತ್ತದೆ, ಕ್ರಿಯಾಪದವೂ ಏಕವಚನದಲ್ಲಿರುತ್ತದೆ. ‘ಪವಿತ್ರ ಬೈಬಲ್’ ‘ಯೇಸುಸ್ವಾಮಿ’ ಎಂದು ಕರೆದು ಬಹುವಚನ ಬಳಸುತ್ತದೆ. ಹಳೆಯದರಲ್ಲಿ ಯೆಹೋವನೆಂದು ಇರುವ ಕಡೆ ಸರ್ವೇಶ್ವರ ಎಂಬ ಹೆಸರು ಬರುತ್ತದೆ. ಸುವಾರ್ತೆ ಅಲ್ಲಿ ಶುಭಸಂದೇಶವಾಗುತ್ತದೆ. ಹಳೆಯದಕ್ಕೆ ಒಗ್ಗಿದವರಿಗೆ ದೇವರೊಡನೆ ಏಕವಚನವೇ ಸಲಿಗೆಯ, ಭಕ್ತಿಯ ಮಾತು; ಅಮ್ಮನನ್ನು ನೀನು ಎಂದು ಕರೆಯುವ ಹಾಗೆ. ಕ್ಯಾಥೊಲಿಕ್ ನೆರೆಯವರಿಗೆ ಏಕವಚನ ಕಿವಿಗೆ ಕಟುವಾಗಿ ಕೇಳುತ್ತದೆ. ಇದು ಅನುವಾದದ ಪಂಡಿತರ ಜಗಳವಾಗಿ ಉಳಿಯದೆ, ನಿಜವಾದ ಜನರು ಒಂದೇ ಚಾಪೆಯ ಮೇಲೆ ಕುಳಿತಾಗ ಬಗೆಹರಿಸಿಕೊಳ್ಳಬೇಕಾದ ಸಂಗತಿ. ನಾವು ಮಾಡಿಕೊಂಡ ಏರ್ಪಾಡು ಸರಳ: ಆ ಕುಟುಂಬಗಳವರು ಬಂದ ದಿನ ಸುವಾರ್ತೆಯ ಭಾಗವನ್ನು ‘ಪವಿತ್ರ ಬೈಬಲ್’ನಿಂದ ಓದುತ್ತೇವೆ, ಅವರ ಕೈಯಲ್ಲೇ ಓದಿಸುತ್ತೇವೆ. ಕ್ಯಾಥೊಲಿಕ್ ಬೈಬಲಿನಲ್ಲಿ 73 ಗ್ರಂಥಗಳು, ಪ್ರೊಟೆಸ್ಟಂಟರದರಲ್ಲಿ 66. ‘ಪವಿತ್ರ ಬೈಬಲ್’ ಕೊಳ್ಳುವಾಗ ಆ ಹೆಚ್ಚಿನ ಗ್ರಂಥಗಳಿರುವ ಮುದ್ರಣ ಬೇಕೋ ಬೇಡವೋ ಎಂಬುದನ್ನು ಅಂಗಡಿಯಲ್ಲಿ ಮೊದಲೇ ಹೇಳಬೇಕು. ಇಬ್ಬರೂ ಸೇರುವ ಕೂಟವಾದರೆ ಅವು ಇರುವುದನ್ನೇ ಕೊಳ್ಳುವುದು ಉತ್ತಮ.

ಯಾವ ಆವೃತ್ತಿಯನ್ನು ಕೊಂಡರೂ ಒಂದು ಅಭ್ಯಾಸವನ್ನು ಬಿಡದಿದ್ದರೆ ಪುಸ್ತಕದ ಗುಣ ಕೂಟಕ್ಕೆ ದಕ್ಕುವುದಿಲ್ಲ. ನಮ್ಮ ಪ್ರಾರ್ಥನಾಕೂಟಗಳಲ್ಲಿ ಸುತ್ತಲೂ ಕುಳಿತು ಒಬ್ಬೊಬ್ಬರು ಒಂದೊಂದು ವಚನ ಓದುವ ರೂಢಿಯಿದೆ. ಎಲ್ಲರಿಗೂ ಪಾಲು ಸಿಗಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಬೈಬಲನ್ನು ಬರೆದವರು ವಚನಗಳ ಅಂಕೆ ಹಾಕಿರಲಿಲ್ಲ. ಅಧ್ಯಾಯಗಳ ಈಗಿನ ವಿಭಾಗ 13ನೆಯ ಶತಮಾನದಲ್ಲಿ ಬಂದದ್ದು. ಹೊಸ ಒಡಂಬಡಿಕೆಗೆ ಇಂದಿನ ವಚನಸಂಖ್ಯೆಗಳನ್ನು ಹಾಕಿದವರು ರೊಬೇರ್ ಎತಿಯೆನ್ ಎಂಬ ಮುದ್ರಕರು, 1551ರಲ್ಲಿ. ಎಷ್ಟೋ ಕಡೆ ಒಂದು ವಾಕ್ಯ ಎರಡು ಮೂರು ವಚನಗಳಿಗೆ ಹರಡಿಕೊಂಡಿರುತ್ತದೆ. ವಚನಕ್ಕೊಬ್ಬರಂತೆ ಓದಿದಾಗ ಕರ್ತೃಪದ ಒಬ್ಬರ ಬಾಯಲ್ಲಿ, ಕ್ರಿಯಾಪದ ಇನ್ನೊಬ್ಬರ ಬಾಯಲ್ಲಿ ಬರುತ್ತದೆ. ತನ್ನ ಸರದಿ ಯಾವಾಗ, ತನಗೆ ಯಾವ ವಚನ ಬೀಳುತ್ತದೆ ಎಂದು ಎಣಿಸುತ್ತ ಕುಳಿತವರು ಏನನ್ನೂ ಕೇಳಿಸಿಕೊಳ್ಳುವುದಿಲ್ಲ. ಓದು ಸರಿಯಾಗಿ ಬಾರದವರಂತೂ ಆ ಹೊತ್ತಿನಲ್ಲಿ ಭಯದಿಂದಲೇ ಕೂತಿರುತ್ತಾರೆ. ಒಂದು ಪೂರ್ತಿ ಪ್ರಸಂಗವನ್ನು ಒಬ್ಬರೇ ಓದಬೇಕು, ಅವರು ಹಿಂದಿನ ವಾರವೇ ಅದನ್ನು ಮನೆಗೆ ಒಯ್ದು ಎರಡು ಸಲ ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿಕೊಂಡು ಬರಬೇಕು. ಈ ಒಂದು ಬದಲಾವಣೆಯಿಂದ ಹಳೆಯ ‘ಸತ್ಯವೇದವು’ ಕಷ್ಟವೆಂಬ ದೂರು ಬಹುಪಾಲು ಇಲ್ಲವಾಗುತ್ತದೆ.

ಮೊದಲ ಶತಮಾನದಲ್ಲಿ ಈ ಬರಹಗಳನ್ನು ಓದಿದ್ದೂ ಹೀಗೆಯೇ. ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರಿಕೆಯ ಕೊನೆಯಲ್ಲಿ ಅದನ್ನು ಎಲ್ಲ ಸಹೋದರರಿಗೂ ಓದಿ ಹೇಳಬೇಕೆಂದು ಪೌಲನು ಆಣೆಯಿಟ್ಟು ಹೇಳುತ್ತಾನೆ; ಕೊಲೊಸ್ಸೆಯವರಿಗೆ ಬಂದ ಪತ್ರಿಕೆಯನ್ನು ಲವೊದಿಕೀಯದ ಸಭೆಯಲ್ಲಿಯೂ ಓದಿಸಬೇಕೆಂದು ಸೂಚಿಸುತ್ತಾನೆ. 25 ವಚನಗಳ ಪುಟ್ಟ ಪತ್ರವೊಂದು ಫಿಲೆಮೋನನಿಗೆ ಬರೆದದ್ದಾದರೂ, ಅವನ ಮನೆಯಲ್ಲಿ ಕೂಡಿಬರುವ ಸಭೆಯನ್ನೂ ಹೆಸರಿಸಿಯೇ ಆರಂಭವಾಗುತ್ತದೆ. ಓಡಿಹೋಗಿದ್ದ ದಾಸನನ್ನು ಸಹೋದರನಂತೆ ಬರಮಾಡಿಕೋ ಎಂಬ ಅತ್ಯಂತ ಖಾಸಗಿ ಬಿನ್ನಹವನ್ನು ನೆರೆದವರೆಲ್ಲರ ಎದುರು ಓದಿರಬೇಕು. ಮನೆಯೇ ಮೊದಲ ಓದುಕೋಣೆಯಾಗಿತ್ತು. ರೋಮಾಪುರದವರಿಗೆ ಬರೆಯುವಾಗ ಪೌಲನು ತಾನು ಅವರಿಗೆ ಧೈರ್ಯ ಕೊಡುವುದನ್ನಷ್ಟೇ ಹೇಳಿ ನಿಲ್ಲಿಸದೆ, ಅವರ ನಂಬಿಕೆಯಿಂದ ತನಗೂ ಧೈರ್ಯ ಬರುವುದೆಂದು ಮೊದಲ ಅಧ್ಯಾಯದಲ್ಲೇ ಹೇಳಿಕೊಳ್ಳುತ್ತಾನೆ. ಸಭಾಪಾಲಕರು ಕೂಟಕ್ಕೆ ಬಂದ ದಿನ ಅವರೇ ಮಾತಾಡಲಿ ಎಂದು ಎಲ್ಲರೂ ಬಾಯಿ ಮುಚ್ಚಿಕೊಳ್ಳುವ ಊರುಗಳಲ್ಲಿ ಈ ಭಾಗವನ್ನು ಓದಲೇಬೇಕು.

ಓದಿದ ಮೇಲೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಪುಸ್ತಕದ ಹೊರಗಿನಿಂದ ಉತ್ತರ ತರುವುದು ಬೇಡ. ಕೇಳಿದ ಭಾಗದಲ್ಲಿ ಯಾವ ಮಾತು ಮನಸ್ಸಿಗೆ ತಾಗಿತು, ಅದು ಈ ವಾರದ ಯಾವ ಕೆಲಸಕ್ಕೆ, ಯಾವ ಚಿಂತೆಗೆ ಹೊಂದುತ್ತದೆ ಎಂದು ಒಬ್ಬೊಬ್ಬರು ಹೇಳಿದರೆ ಸಾಕು. ತುಳುವಿನಲ್ಲೋ ಕೊಂಕಣಿಯಲ್ಲೋ ಹೇಳಲಿ. ಓದು ಕನ್ನಡದಲ್ಲಿ, ಮಾತುಕತೆ ಮನೆಮಾತಿನಲ್ಲಿ ನಡೆದಾಗ ಸಂಕೋಚದವರೂ ಬಾಯಿಬಿಡುತ್ತಾರೆ. ಒಬ್ಬರ ಮಾತಿಗೆ ಇನ್ನೊಬ್ಬರು ಕೂಡಲೇ ಬುದ್ಧಿವಾದ ಹೇಳದಂತೆ ನೋಡಿಕೊಳ್ಳುವುದು ಮಾತ್ರ ಕೂಟ ನಡೆಸುವವರ ಹೊಣೆ. ಸಾಲದ ಕಂತು, ಮಗನ ಕುಡಿತ, ಬಾರದ ಫಲಿತಾಂಶ, ಇಂಥ ಸಂಗತಿಗಳು ಆ ಕೋಣೆಯಿಂದ ಹೊರಗೆ ಹೋಗಬಾರದು. ಒಮ್ಮೆ ಹೋದರೆ ಆ ಮನೆಯವರು ಮತ್ತೆ ಬರುವುದಿಲ್ಲ.

ಮಕ್ಕಳ ವಿಚಾರದಲ್ಲಿ ‘ಪರಿಶುದ್ಧ ಬೈಬಲ್’ ತನ್ನ ಬೆಲೆಯನ್ನು ತೋರಿಸಿಕೊಡುತ್ತದೆ. ಜಿಲ್ಲೆಯಲ್ಲಿ ಕನ್ನಡ ಮಾಧ್ಯಮ ಶಾಲೆಗಳು ಇವೆಯಾದರೂ, ಇಂಗ್ಲಿಷಿಗೋ ಮಲಯಾಳಕ್ಕೋ ಹೋಗುವ ಮಕ್ಕಳು ಕನ್ನಡ ಅಕ್ಷರಗಳನ್ನು ಕೂಡಿಸಿ ಓದುವಷ್ಟರಲ್ಲೇ ನಿಂತುಬಿಡುತ್ತಾರೆ. ಅವರ ಕೈಗೆ ಹಳೆಯ ಸತ್ಯವೇದ ಕೊಟ್ಟರೆ ಅವಮಾನಪಟ್ಟು ಮುಂದಿನ ವಾರ ಬರುವುದಿಲ್ಲ. ಸರಳ ಆವೃತ್ತಿಯಲ್ಲಿ ಮಾರ್ಕನ ಸುವಾರ್ತೆಯ ಒಂದು ಸಣ್ಣ ಪ್ರಸಂಗ, ಉದಾಹರಣೆಗೆ ಬಿರುಗಾಳಿ ಅಡಗಿದ್ದು ಅಥವಾ ಛಾವಣಿ ತೆಗೆದು ಪಾರ್ಶ್ವವಾಯು ರೋಗಿಯನ್ನು ಇಳಿಸಿದ್ದು, ಅವರಿಗೆ ಸಲೀಸಾಗಿ ಬರುತ್ತದೆ. ಎರಡನೆಯ ಪ್ರಸಂಗ ಮಕ್ಕಳಿಗೆ ಬಹಳ ಇಷ್ಟ. ನಾಲ್ವರು ಸೇರಿ ಒಬ್ಬನನ್ನು ಹೊತ್ತು ತರುವ ಆ ಕಥೆ ಕೂಟದ ಅರ್ಥವನ್ನೂ ಅವರಿಗೆ ತಿಳಿಸಿಕೊಡುತ್ತದೆ.

ಇನ್ನು ಪುಸ್ತಕದ ಮೈಕಟ್ಟಿನ ಬಗ್ಗೆ. ಬೈಬಲಿನಂಥ ದೊಡ್ಡ ಗ್ರಂಥವನ್ನು ಒಂದೇ ಸಂಪುಟದಲ್ಲಿ ಹಿಡಿಸಬೇಕಾದ್ದರಿಂದ ತೆಳು ಕಾಗದ, ಎರಡು ಅಂಕಣ, ಒತ್ತೊತ್ತಾದ ಅಕ್ಷರ ಅನಿವಾರ್ಯ. ಕನ್ನಡದ ಒತ್ತಕ್ಷರಗಳಿಗೆ ಸಾಲಿನ ಕೆಳಗೆ ಜಾಗ ಬೇಕಾಗುವುದರಿಂದ ಸಣ್ಣ ಅಕ್ಷರದ ಮುದ್ರಣ ಸಂಜೆಯ ಬೆಳಕಿನಲ್ಲಿ ಕಣ್ಣಿಗೆ ಶ್ರಮ ಕೊಡುತ್ತದೆ. ಕೂಟದಲ್ಲಿ ಓದುವ ಪ್ರತಿ ದೊಡ್ಡಕ್ಷರದ್ದೇ ಆಗಿರಬೇಕು. ತೂಕ ಹೆಚ್ಚಾದರೂ ಚಿಂತೆಯಿಲ್ಲ, ಅದನ್ನು ಮಡಿಲಲ್ಲೋ ಮೇಜಿನ ಮೇಲೋ ಇಟ್ಟುಕೊಂಡು ಓದಬಹುದು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಕಡೆ ಜೂನ್ ತಿಂಗಳಿನಿಂದ ತೆಳು ಕಾಗದ ತೇವ ಹಿಡಿದು ಪುಟಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗಾಜಿನ ಕಪಾಟಿನಲ್ಲಿ ಮುಚ್ಚಿಟ್ಟರೆ ಬೂಷ್ಟು ಬರುತ್ತದೆ. ದಿನವೂ ತೆರೆದು ಓದುವ ಪ್ರತಿಗೆ ಆ ಬಾಧೆ ಕಡಿಮೆ. ಆದ್ದರಿಂದ ಕೂಟದ ಬೈಬಲ್ ಒಂದೇ ಮನೆಯಲ್ಲಿ ಉಳಿಯದೆ ವಾರಕ್ಕೊಂದು ಮನೆಯಂತೆ ತಿರುಗುತ್ತಿರಲಿ.

ಯೂವರ್ಷನ್ ಆ್ಯಪ್‌ನ ಉಪಯೋಗ ಬೇರೆಯದು. ಅಮೆರಿಕದ ಓಕ್ಲಹೋಮಾದ ಲೈಫ್.ಚರ್ಚ್ 2008ರಲ್ಲಿ ಆರಂಭಿಸಿದ ಈ ಆ್ಯಪ್‌ಗೆ ಹಣ ಕೊಡಬೇಕಾಗಿಲ್ಲ, ನಡುವೆ ಜಾಹೀರಾತುಗಳ ಕಾಟವೂ ಇಲ್ಲ. ನಾನು ಮೇಲೆ ಹೇಳಿದ ಕನ್ನಡ ಆವೃತ್ತಿಗಳು ಅದರಲ್ಲಿ ಸಿಗುತ್ತವೆ. ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ಒಂದೇ ಭಾಗವನ್ನು ಆವೃತ್ತಿ ಬದಲಿಸಿ ಹೋಲಿಸಿ ನೋಡಬಹುದು. ಸ್ನೇಹಿತರನ್ನು ಸೇರಿಸಿಕೊಂಡು ಒಂದೇ ಓದಿನ ಯೋಜನೆಯನ್ನು ಒಟ್ಟಿಗೆ ಅನುಸರಿಸಿ, ದಿನದ ಓದಿನ ಕೊನೆಯಲ್ಲಿ ತಮಗೆ ಅನ್ನಿಸಿದ್ದನ್ನು ಬರೆಯುವ ವ್ಯವಸ್ಥೆಯೂ ಇದೆ. ಕಾಸರಗೋಡಿನ ಬಹಳ ಮನೆಗಳಂತೆ ನಮ್ಮ ಕೂಟದವರ ಮನೆಗಳಿಂದಲೂ ಮಕ್ಕಳು ಗಲ್ಫ್ ದೇಶಗಳಲ್ಲಿ ದುಡಿಯುತ್ತಿದ್ದಾರೆ. ಇಲ್ಲಿ ಸಂಜೆ ಏಳು ಗಂಟೆಗೆ ಕೂಟ ಸೇರುವಾಗ ದುಬೈಯಲ್ಲಿ ಐದೂವರೆ, ಹಲವರು ಇನ್ನೂ ಕೆಲಸದಲ್ಲೇ ಇರುತ್ತಾರೆ. ಅವರು ರಾತ್ರಿ ಕೋಣೆಗೆ ಮರಳಿ, ಊರಿನಲ್ಲಿ ಅಮ್ಮ ಕೇಳಿದ ಅದೇ ಕೀರ್ತನೆಯನ್ನು ತಾವೂ ಓದಿ ಒಂದು ಸಾಲು ಬರೆದು ಕಳಿಸುತ್ತಾರೆ. ಆ ಸಾಲನ್ನು ಮುಂದಿನ ವಾರ ಕೂಟದಲ್ಲಿ ಓದುತ್ತೇವೆ. ರಾತ್ರಿಪಾಳಿಯ ದಾದಿಗೂ ಇದರಿಂದ ಕೂಟದ ನಂಟು ತಪ್ಪುವುದಿಲ್ಲ.

ಆದರೆ ಕೂಟದೊಳಗೆ ಎಲ್ಲರೂ ಫೋನ್ ತೆರೆದು ಓದುವುದನ್ನು ನಾನು ಒಪ್ಪುವುದಿಲ್ಲ. ಒಬ್ಬರು ಓದುವಾಗ ಉಳಿದವರ ಕಣ್ಣು ಓದುವವರ ಮುಖದ ಮೇಲೆ ಇದ್ದರೆ ಅವರ ಧ್ವನಿಗೆ ಬಲ ಬರುತ್ತದೆ. ಪರದೆಯ ಮೇಲೆ ಕಣ್ಣಿಟ್ಟವರು ಓದುವವರಿಗಿಂತ ಮುಂದೆ ಓಡುತ್ತಾರೆ, ಇಲ್ಲವೇ ಬಂದ ಸಂದೇಶವನ್ನು ನೋಡುತ್ತಾರೆ. ಕನ್ನಡದಲ್ಲಿ ದೊರೆಯುವ ಓದಿನ ಯೋಜನೆಗಳು ಇಂಗ್ಲಿಷಿನಲ್ಲಿರುವುದಕ್ಕಿಂತ ಬಹಳ ಕಡಿಮೆ ಎಂಬುದನ್ನೂ ಹೇಳಬೇಕು. ಸಿದ್ಧಯೋಜನೆಯನ್ನು ಹುಡುಕುವ ಬದಲು, ಈ ತಿಂಗಳು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ ಎಂದು ನೀವೇ ಗೊತ್ತುಮಾಡಿಕೊಂಡು, ವಾರಕ್ಕೊಂದು ಅಧ್ಯಾಯದಂತೆ ಅದರ ನಾಲ್ಕು ಅಧ್ಯಾಯಗಳನ್ನು ಓದುವುದು ಮೇಲು. ಸೆರೆಯಲ್ಲಿದ್ದವನೊಬ್ಬ ಹೊರಗಿರುವವರಿಗೆ ಸಂತೋಷಪಡಿರಿ ಎಂದು ಬರೆದ ಪತ್ರ ಅದು. ದೂರದಲ್ಲಿರುವವರೊಡನೆ ಹಂಚಿಕೊಂಡು ಓದುವುದಕ್ಕೆ ಅದಕ್ಕಿಂತ ತಕ್ಕ ಗ್ರಂಥವನ್ನು ನಾನು ಕಾಣೆ.

ಕೊಳ್ಳುವವರಿಗೆ ನನ್ನ ಸಲಹೆ ಹೀಗಿದೆ. ಒಂದೇ ಪ್ರತಿಗೆ ಹಣವಿದ್ದರೆ ದೊಡ್ಡಕ್ಷರದ ‘ಸತ್ಯವೇದವು’ ಕೊಳ್ಳಿರಿ. ಎರಡನೆಯ ಪ್ರತಿಗೆ ಅನುಕೂಲವಾದಾಗ ‘ಪವಿತ್ರ ಬೈಬಲ್’ ತನ್ನಿರಿ. ಪತ್ರಿಕೆಗಳಿಗೂ ಕ್ಯಾಥೊಲಿಕ್ ನೆರೆಯವರೊಡನೆ ಓದುವುದಕ್ಕೂ ಅದು ಬೇಕಾಗುತ್ತದೆ. ಮಕ್ಕಳಿರುವ ಕೂಟಕ್ಕೆ ‘ಪರಿಶುದ್ಧ ಬೈಬಲ್’ನ ಪ್ರತಿಯೊಂದು ಇರಲಿ, ಹೊಸ ಒಡಂಬಡಿಕೆ ಮಾತ್ರ ಇರುವ ಸಣ್ಣ ಪುಸ್ತಕ ಸಿಕ್ಕಿದರೂ ಆರಂಭಕ್ಕೆ ಸಾಕು. ನಮ್ಮ ಭಾಗದವರಿಗೆ ಇವುಗಳನ್ನು ನೋಡಿ ಕೊಳ್ಳಲು ಮಂಗಳೂರೇ ಹತ್ತಿರ. ಅಂಗಡಿಯಲ್ಲಿ ನಿಂತು 136ನೆಯ ಕೀರ್ತನೆಯನ್ನೂ ಎಫೆಸದವರಿಗೆ ಬರೆದ ಪತ್ರಿಕೆಯ ಮೊದಲ ಪುಟವನ್ನೂ ಮೆಲ್ಲನೆ ಬಾಯಿಬಿಟ್ಟು ಓದಿ ನೋಡಿದ ಮೇಲೆಯೇ ಹಣ ಕೊಡಿರಿ, ಸಾಧ್ಯವಾದರೆ ನಿಮ್ಮ ಕೂಟದಲ್ಲಿ ಓದಲು ಅತಿ ಹೆಚ್ಚು ಹೆದರುವವರನ್ನೇ ಜೊತೆಗೆ ಕರೆದೊಯ್ದು ಅವರ ಕೈಯಲ್ಲಿ ಓದಿಸಿರಿ.